ಹರಕು ಅಂಗಿಯ ಅಂಚು

ಟೀವಿಯ ರಿಮೋಟನ್ನು ಈನಾ ಮೆಲ್ಲಗೆ ಕೋಟಿನ ಜೇಬಿಗೆ ಇಳಿಸಿ, ಮೇಲೊಂದು ಕರವಸ್ತ್ರ ತುರುಕಿದಳು. ಯಾರೂ ನೋಡಲಿಲ್ಲ. ಶವಪೆಟ್ಟಿಗೆಯ ಸುತ್ತ ಕುರ್ಚಿ ಹಾಕಿಕೊಂಡು ಕೂತವರೆಲ್ಲ ಚಹಾದ ಬಟ್ಟಲು ಹಿಡಿದು ಮಾತಿನಲ್ಲಿ ಮುಳುಗಿದ್ದರು. ಪೆಟ್ಟಿಗೆಯಲ್ಲಿ ಅವಳ ಮಗ ಯೂನನ್ ಕಂದು ಬಣ್ಣದ ಸೂಟು ಹಾಕಿಕೊಂಡು, ಬೆರಳಿಗೆ ಜಪಮಾಲೆ ಸುತ್ತಿಸಿಕೊಂಡು ಮಲಗಿದ್ದ. ಅರವತ್ತು ದಾಟಿತ್ತು. ಬೆಳಿಗ್ಗೆ ಶಾಲೆಯ ಗೇಟು ತೆಗೆಯುವುದು, ಬಾಯ್ಲರು ಹಚ್ಚುವುದು, ಮಕ್ಕಳು ಮುರಿದ ಬೆಂಚು ಸರಿಮಾಡುವುದು ಅವನ ಕೆಲಸ. ಭಾನುವಾರ ಊಟ ಮಾಡಿ ಕುರ್ಚಿಗೆ ಒರಗಿದವನು ಹಾಗೇ ಹೋಗಿಬಿಟ್ಟಿದ್ದ.

"ರಿಮೋಟ್ ಎಲ್ಲಿ ಹೋಯ್ತು? ಈಗಿನ್ನೂ ಇಲ್ಲೇ ಇತ್ತಲ್ಲ," ಎಂದ ಹ್ಯೂಗೋ. ಹುಡುಗನಾಗಿದ್ದಾಗ ಯೂನನ್ನನ ಬ್ಯಾಂಡಿನಲ್ಲಿ ಹಾಡುತ್ತಿದ್ದವನು. ಈಗ ತಲೆ ಪೂರ್ತಿ ಬೋಳು. ಒಂದು ಕಿವಿಯ ಓಲೆ ಮಾತ್ರ ಉಳಿದಿತ್ತು. "ನಮ್ಮ ಟೇಲರ್ ಮನೆ ಬಿಡೋ ಮುಂಚೆ ಆ ಹಳೇ ಟೀವಿ ತುಣುಕು ಒಂದ್ಸಲ ಹಾಕೋಣ ಅಂತಿದ್ದೆ. ಅವನ ಎದುರಿಗೇ." ಗೆಳೆಯರ ಬಾಯಲ್ಲಿ ಯೂನನ್ ಟೇಲರ್ ಆಗಿದ್ದ.

"ಎದುರಿಗೆ ಹಾಕಿದ್ರೆ ಎದ್ದು ಕೂತು ಗಿಟಾರ್ ಬಾರಿಸ್ತಾನೇನೋ? ಸುಮ್ನೆ ಸ್ಯಾಂಡ್‌ವಿಚ್ ತಿನ್ನು," ಎಂದಳು ಕ್ಯಾಸೀ. ಅವಳು ಈನಾಳ ವಾರಿಗೆಯವಳು. ಇಬ್ಬರೂ ಶರ್ಟಿನ ಕಾರ್ಖಾನೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಹೊಲಿದವರು.

"ಕ್ಯಾಸೀ ಅಕ್ಕ, ನೀವೂ ಇದ್ದೀರಲ್ಲ ಅದ್ರಲ್ಲಿ. ಹಿಂದ್ಗಡೆ ಬಾಗಿಲಲ್ಲಿ ನಿಂತ್ಕೊಂಡು ಚಪ್ಪಾಳೆ ಹೊಡೀತೀರಿ."

"ಕೂದಲು ಗುಂಗುರು ಮಾಡೋಕೆ ತಲೆ ತುಂಬ ಕರ್ಲರ್ ಸುತ್ಕೊಂಡಿದ್ದೆ ಕಣೋ. ಊರೆಲ್ಲ ನೋಡ್ತು. ನಮ್ಮ ಯಜಮಾನ್ರು ಸಾಯೋ ತನಕ ಆಡ್ಕೊಂಡ್ರು."

ಎಲ್ಲರೂ ನಕ್ಕರು. ಸಾವಿನ ಮನೆಯಲ್ಲಿ ನಗಬಾರದೆಂದು ಈ ಡೆರಿ ಊರಿನಲ್ಲಿ ಯಾರೂ ಅನ್ನುವುದಿಲ್ಲ. ನಗು ಕೇಳದಿದ್ದರೇ ಸತ್ತವನಿಗೆ ಅವಮಾನ. ಈನಾ ಕೂಡ ತುಟಿ ಅರಳಿಸಿದಳು. ಜೇಬಿನೊಳಗೆ ಕೈ ಮಾತ್ರ ರಿಮೋಟನ್ನು ಬಿಡಲಿಲ್ಲ.

ಸೊಸೆ ಮೇರಿಯನ್ ಒಳಗಿನಿಂದ ಒಂದು ಬಿಳಿ ಅಂಗಿಯನ್ನು ಹ್ಯಾಂಗರಿಗೆ ತೂಗುಹಾಕಿಕೊಂಡು ಬಂದಳು. ಬಿಳಿ ಎನ್ನುವುದು ಈಗ ಹೆಸರಿಗಷ್ಟೇ. ಬೆನ್ನಿನಲ್ಲಿ, ತೋಳಿನಲ್ಲಿ ಬ್ಲೇಡಿನಿಂದ ಸೀಳಿದ ಉದ್ದುದ್ದ ಹರಕುಗಳು.

"ತಗೋ ಹ್ಯೂಗೋ, ಬೀರುವಿನ ತಳದಲ್ಲಿತ್ತು. ಒಂದು ಮಾತು ಹೇಳ್ತೀನಿ, ನಗಬೇಡ. ಟೇಲರ್ ಟೇಲರ್ ಅಂತೀರಿ, ಮದುವೆ ಆದಾಗಿಂದ ಒಂದು ಗುಂಡಿ ಹೊಲ್ಕೊಂಡಿದ್ದು ನಾನು ಕಂಡಿಲ್ಲ. ಕೇಳಿದ್ರೆ ಕೈ ಮರ್ತೋಗಿದೆ ಅಂತಿದ್ರು."

"ನಿನ್ ಕೈಲಿ ಸೇವೆ ಮಾಡಿಸ್ಕೊಳ್ಳೋಕೆ ಅಂದಿರ್ತಾನೆ ಬಿಡು. ಆ ಅಂಚು ನೋಡು! ಹರಿದ ಬಟ್ಟೆಗೆ ಅಂಚು ಹೊಲ್ಕೊಂಡಿದ್ದ ಪಂಕ್ ಭೂಮಿ ಮೇಲೆ ಇವನೊಬ್ಬನೇ."

ಈನಾ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಮಾಡುವುದೇನೂ ಇರಲಿಲ್ಲ. ತೊಳೆದಿಟ್ಟ ಬಟ್ಟಲುಗಳನ್ನೇ ಮತ್ತೆ ತೊಳೆದಳು.

*

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಯೂನನ್ ಆ ಅಂಗಿಯನ್ನು ಸೀಳಿದ್ದು ಇನ್ನೊಂದು ಅಡುಗೆಮನೆಯಲ್ಲಿ, ಒಂದು ಶನಿವಾರ. ಕಾರ್ಖಾನೆಯಲ್ಲಿ ಸಣ್ಣ ದೋಷಕ್ಕೆ ತೆಗೆದಿಟ್ಟಿದ್ದ ಅಂಗಿ, ಈನಾ ಅರ್ಧ ಬೆಲೆಗೆ ತಂದದ್ದು. ಬೀದಿಯಲ್ಲಿ ಸೈನಿಕರ ಗಾಡಿ ಓಡಾಡುತ್ತಿದ್ದ ಕಾಲ. ಹುಡುಗರು ಕಲ್ಲು ಹಿಡಿಯುತ್ತಿದ್ದರು, ಇಲ್ಲವೇ ಅದಕ್ಕಿಂತ ಕೆಟ್ಟದ್ದನ್ನು. ಇವನೂ ಇವನ ಗೆಳೆಯರೂ ಗಿಟಾರು ಹಿಡಿದು, ಕೂದಲನ್ನು ಸಕ್ಕರೆನೀರಿನಿಂದ ಮೊಳೆಯ ಹಾಗೆ ನಿಲ್ಲಿಸಿಕೊಂಡು, ಬಟ್ಟೆ ಹರಿದುಕೊಂಡು, ಪಿನ್ನು ಚುಚ್ಚಿಕೊಂಡು ಪಬ್ಬಿನ ಹಿಂದಿನ ಕೋಣೆಯಲ್ಲಿ ಕಿರುಚುತ್ತಿದ್ದರು. ಅದಕ್ಕೆ ಪಂಕ್ ಎಂದು ಹೆಸರು. ಈನಾಳಿಗೆ ಒಳಗೊಳಗೇ ಸಮಾಧಾನವಿತ್ತು. ಕಿರುಚಿದ್ದಕ್ಕೆ ಯಾರೂ ಗುಂಡು ಹೊಡೆಯುವುದಿಲ್ಲ.

ಆದರೆ ಆ ಹರಕಿನ ಎಳೆಗಳು ಅವಳ ಕಣ್ಣಿಗೆ ಮುಳ್ಳಾದವು. ಮಗ ಸ್ನಾನಕ್ಕೆ ಹೋದಾಗ ತನ್ನ ಕಾಲರಿನ ಒಳಮಗ್ಗುಲಿನಿಂದ ಸೂಜಿ ತೆಗೆದಳು. ದಾರ ಸುತ್ತಿದ ಸೂಜಿಯೊಂದನ್ನು ಅಲ್ಲಿ ಚುಚ್ಚಿಟ್ಟುಕೊಳ್ಳುವುದು ಕಾರ್ಖಾನೆಯ ಹೆಂಗಸರ ಅಭ್ಯಾಸ. ಒಂದೊಂದು ಹರಕಿನ ಅಂಚನ್ನೂ ಬೆರಳಲ್ಲಿ ಸುರುಳಿಸಿ, ಸಣ್ಣ ಹೊಲಿಗೆ ಹಾಕುತ್ತ ಬಂದಳು.

ಯೂನನ್ ಒದ್ದೆ ತಲೆಯಲ್ಲೇ ಬಂದು ಅಂಗಿಯನ್ನು ಎತ್ತಿ ನೋಡಿದ. "ಅಮ್ಮಾ! ಹರಿದಿದ್ದು ಹರಿದ ಹಾಗೇ ಇರ್ಬೇಕಮ್ಮ. ಅದೇ ಅದ್ರ ಅರ್ಥ."

"ಅರ್ಥ ನೀನೇ ಇಟ್ಕೋ. ಎಳೆ ಬಿಡ್ತಾ ಹೋದ್ರೆ ಹದಿನೈದು ದಿನಕ್ಕೆ ಮೈಮೇಲೆ ಬರೀ ಕಾಲರ್ ಉಳಿಯತ್ತೆ."

ಅವನು ನಕ್ಕ. ಹಾಕಿಕೊಂಡ. ಕನ್ನಡಿಯಲ್ಲಿ ಬೆನ್ನು ತಿರುಗಿಸಿ ನೋಡಿಕೊಂಡ. "ಚೆನ್ನಾಗೇ ಇದೆ," ಎಂದ.

*

ಪೆಟ್ಟಿಗೆ ಮನೆಯಿಂದ ಹೊರಟಿತು. ಚರ್ಚಿನವರೆಗೆ ಗಾಡಿ ಹತ್ತಿಸುವುದಿಲ್ಲ, ಹೆಗಲ ಮೇಲೇ ಹೋಗಬೇಕು. ಬೀದಿಯ ತಿರುವು ಬಂದಲ್ಲೆಲ್ಲ ಹೊತ್ತವರು ಬದಲಾಗುತ್ತಾರೆ. ಮೊದಲು ಮನೆಯವರು, ಆಮೇಲೆ ಶಾಲೆಯವರು. ಬೆಟ್ಟದ ಏರು ಬಂದಾಗ ಹ್ಯೂಗೋ ಮತ್ತು ಹಳೆಯ ಬ್ಯಾಂಡಿನವರು ಮುಂದೆ ಬಂದರು.

ಈನಾ ಪೆಟ್ಟಿಗೆಯ ಹಿಂದೆಯೇ ಮೇರಿಯನ್ನಳ ತೋಳು ಹಿಡಿದು ನಡೆಯುತ್ತಿದ್ದಳು. ಹೆಗಲು ಕೊಡಲು ಕೈ ಎತ್ತಿದಾಗ ಹ್ಯೂಗೋನ ಕರಿ ಕೋಟು ಎರಡೂ ಕಡೆಗೆ ಸರಿಯಿತು. ಒಳಗೆ ಟೀ ಶರ್ಟು. ಅದರ ಮೇಲೆ ಅವಳದೇ ಮುಖ. ನೀಲಿ ರವಿಕೆ, ತುಟಿಗೆ ಬಣ್ಣ, ಎತ್ತಿದ ಗಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ: 'ಅಂಥವನು ನನ್ನ ಮಗನೇ ಅಲ್ಲ.'

ಹಳೆಯದನ್ನು ನೆನೆದು ಬ್ಯಾಂಡಿನವರು ಮತ್ತೆ ಒಂದಾಗಿ ನುಡಿಸಿದ ವರ್ಷ ಅಚ್ಚು ಹಾಕಿಸಿ ಮಾರಿದ ಅಂಗಿ ಅದು. ಯೂನನ್ ಒಂದನ್ನೂ ಮನೆಗೆ ತಂದಿರಲಿಲ್ಲ. ಅವಳು ಅದನ್ನು ಪೇಟೆಯಲ್ಲಿ ಯಾವುದೋ ಹೊರದೇಶದ ಹುಡುಗಿಯ ಮೈಮೇಲೆ ಮೊದಲ ಸಲ ಕಂಡಿದ್ದಳು.

ನಾಲ್ಕು ಜನರ ಎದೆಯ ಮೇಲೂ ಅದೇ ಮುಖ. ಪೆಟ್ಟಿಗೆ ಏರು ಹತ್ತುತ್ತಿತ್ತು.

"ಅತ್ತೆ, ಅವ್ರು ಪ್ರೀತಿಯಿಂದ ಹಾಕ್ಕೊಂಡಿರೋದು," ಎಂದು ಮೇರಿಯನ್ ಕಿವಿಯಲ್ಲಿ ಹೇಳಿದಳು. "ನಿಮ್ಮನ್ನ ಕಂಡ್ರೆ ಎಷ್ಟು ಇಷ್ಟ ಅವ್ರಿಗೆಲ್ಲ."

"ಗೊತ್ತಮ್ಮ," ಎಂದಳು ಈನಾ.

ಚರ್ಚಿನಲ್ಲಿ ಪಾದ್ರಿ ಎಳೆಯವರು, ಒಳ್ಳೆಯವರು. ಯೂನನ್ ಸ್ವಂತ ಕೈಯಿಂದ ಅಂಗಿ ಹೊಲಿದುಕೊಳ್ಳುತ್ತಿದ್ದ ಕತೆಯನ್ನು ಯಾರೋ ಅವರಿಗೆ ಹೇಳಿಕೊಟ್ಟಿದ್ದರು. ಅವರು ಅದನ್ನೇ ಹಿಡಿದು, ದೇವರೂ ನಮ್ಮ ಹರಿದ ಬಾಳಿನ ಅಂಚು ಹೊಲಿಯುತ್ತಾನೆ ಎಂದರು. ಜನ ತಲೆದೂಗಿದರು. ಬಲಿಪೀಠದ ಹತ್ತಿರ ಬಿಳಿ ಹೂಗಳಲ್ಲಿ ಬರೆಸಿದ ಅಕ್ಷರ: ಟೇಲರ್. ಈನಾ ಆ ಹೂಗಳ ಕಡೆ ನೋಡದೆ ಮಂಡಿಯೂರಿದಳು.

*

ಅಂಗಿ ಸೀಳಿದ ಆ ವರ್ಷವೇ, ಟೀವಿಯವರು ಬರುತ್ತಾರೆಂದು ಈನಾ ಒಂದು ದಿನ ರಜೆ ಹಾಕಿದ್ದಳು. ಮುಂದಿನ ಕೋಣೆ ಗುಡಿಸಿ, ಮದುವೆಯ ಬಟ್ಟಲುಗಳನ್ನು ಹೊರಗೆ ತೆಗೆದು, ಸೇಬಿನ ಟಾರ್ಟ್ ಮಾಡಿ, ಕೂದಲು ಸೆಟ್ ಮಾಡಿಸಿಕೊಂಡು ನೀಲಿ ರವಿಕೆ ಹಾಕಿಕೊಂಡು ಕೂತಿದ್ದಳು. ಮಗನ ಬ್ಯಾಂಡಿನ ಬಗ್ಗೆ ಕೇಳುತ್ತಾರೆ, ಎರಡು ಒಳ್ಳೆ ಮಾತು ಹೇಳೋಣ ಎಂದುಕೊಂಡಿದ್ದಳು.

ಅವರು ಒಳಗೆ ಬರಲೇ ಇಲ್ಲ. ಕುರಿಚರ್ಮದ ಕೋಟಿನವನೊಬ್ಬ ಹೊಸ್ತಿಲಲ್ಲೇ ನಿಲ್ಲಿಸಿ ಮೈಕು ಚಾಚಿದ. ಬೀದಿಯ ಪ್ರತಿ ಬಾಗಿಲಲ್ಲೂ ಹೆಂಗಸರು ಕೈಕಟ್ಟಿ ನಿಂತಿದ್ದರು. ಹಿಂದಿನ ಭಾನುವಾರವಷ್ಟೇ ಹಳೆಯ ಪಾದ್ರಿ ಆ ಪಬ್ಬನ್ನೂ ಅಲ್ಲಿಗೆ ಹೋಗುವವರನ್ನೂ ಹೆಸರೆತ್ತದೆ ಬಯ್ದಿದ್ದರು. ಬಯ್ಯುವಾಗ ಅವಳು ಕೂತ ಸಾಲಿನ ಕಡೆಗೇ ನೋಡಿದ್ದರು.

"ನೀವು ಶರ್ಟ್ ಹೊಲಿಯೋರಂತೆ. ನಿಮ್ಮ ಮಗ ಹರ್ಕಲು ಹಾಕ್ಕೊಂಡು ತಿರುಗ್ತಾನೆ. ತಾಯಿಗೆ ಹೇಗನ್ಸತ್ತೆ?"

ಅವಳು ಬೀದಿಯ ಉದ್ದಕ್ಕೂ ನೋಡಿದಳು. ಕ್ಯಾಸೀ ಕರ್ಲರಿನ ತಲೆಯನ್ನು ಹೊರಗೆ ಹಾಕಿದ್ದಳು.

"ಆ ಚಿಂದಿಗೂ ನನಗೂ ಸಂಬಂಧ ಇಲ್ಲ," ಎಂದಳು ಈನಾ, ಗಲ್ಲ ಎತ್ತಿ. "ನಮ್ಮನೇಲಿ ಅಂಥದ್ದಕ್ಕೆ ಸೂಜಿ ಮುಟ್ಟೋರಿಲ್ಲ. ಅಂಥವನು ನನ್ನ ಮಗನೇ ಅಲ್ಲ."

ಬೀದಿ ಚಪ್ಪಾಳೆ ಹೊಡೆಯಿತು. ಅವಳಿಗೆ ಅದು ಹಿತವಾಯಿತು. ಹೇಳಿದ ಮಾತಿಗಿಂತ, ಆ ಹಿತವೇ ಆಮೇಲೆ ಅವಳನ್ನು ಹೆಚ್ಚು ಸುಟ್ಟದ್ದು.

ವಾರದ ಮೇಲೆ ಸಂಜೆಯ ಊಟಕ್ಕೆ ಕೂತಾಗ ಟೀವಿಯಲ್ಲಿ ಬಂತು. ಹುಡುಗರು ಕುಣಿಯುವುದು, ಯೂನನ್ ಬೆನ್ನು ತಿರುಗಿಸಿ ಗಿಟಾರು ಬಾರಿಸುವುದು, ನಡುವೆ ಅವಳು. ಯೂನನ್ ಮೊಟ್ಟೆಯ ಹಳದಿಗೆ ಬ್ರೆಡ್ಡು ಅದ್ದುತ್ತಿದ್ದ. ಕೈ ನಿಂತಿತು, ಮತ್ತೆ ಅದ್ದಿದ.

"ಚಹಾ ಇನ್ನೂ ಇದ್ಯಾಮ್ಮ?" ಎಂದ.

ಮಾರನೆಯ ದಿನ ಅವಳು ಕಿಟಕಿಯ ಒಳಗೆ ನಿಂತಿದ್ದಾಗ ಹೊರಗೆ ಗೆಳೆಯರು ಅವನನ್ನು ಸುತ್ತಿಕೊಂಡಿದ್ದರು. ಹ್ಯೂಗೋನ ದನಿ: "ಟೀವೀಲಿ ಎಲ್ಲ ಕಾಣಿಸ್ತು ಮಗನೇ! ಹರ್ಕಿಗೆಲ್ಲ ಅಂಚು! ಯಾವಳೋ ಹೊಲ್ಕೊಟ್ಟಿದ್ದು? ನಿಮ್ಮಮ್ಮ ಅಂತೂ ಸೂಜಿ ಮುಟ್ಟಲ್ಲ ಅಂದ್ರು."

ಯೂನನ್ ಕಿಟಕಿಯ ಕಡೆ ನೋಡಲಿಲ್ಲ. "ನಾನೇ ಹೊಲ್ಕೊಂಡೆ. ಏನೀಗ?"

"ಅಯ್ಯೋ, ಟೇಲರ್ ಬಂದ್ರು ದಾರಿ ಬಿಡ್ರಪ್ಪಾ!"

ಆ ಹೆಸರು ಅವನಿಗೆ ಅಂಟಿಕೊಂಡಿತು. ಮದುವೆಯಲ್ಲಿ, ಕೆಲಸದಲ್ಲಿ, ಶಾಲೆಯ ಮಕ್ಕಳ ಬಾಯಲ್ಲಿ. ತಾಯಿಯೆದುರು ಅವನು ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವಳೂ ಏನಾದರೂ ಅನ್ನುತ್ತಿದ್ದಳೇನೋ.

*

ಮಣ್ಣು ಮುಗಿಸಿ ಎಲ್ಲರೂ ಕ್ಲಬ್ಬಿಗೆ ಬಂದರು. ಬಿಸಿ ಸೂಪು, ಬ್ರೆಡ್ಡು, ಗಂಡಸರ ಕೈಗೆ ಬಿಯರು. ಗೋಡೆಯ ಮೇಲೆ ಕಿಟಕಿಯಷ್ಟು ದೊಡ್ಡ ಟೀವಿ. ಅದರ ಕೆಳಗೆ ಮೊಳೆಗೆ ಆ ಬಿಳಿ ಅಂಗಿಯನ್ನು ತೂಗುಹಾಕಿದ್ದರು.

ಹ್ಯೂಗೋ ಲೋಟಕ್ಕೆ ಚಮಚ ಬಡಿದ. "ಒಂದು ಸುದ್ದಿ. ಈ ಅಂಗಿ ನಾಳೆ ಮ್ಯೂಸಿಯಂಗೆ ಹೋಗತ್ತೆ. ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಕೆಳಗೆ ಏನು ಬರೀಬೇಕು ಅಂತ ಕೇಳಿದ್ರು. ಯೂನನ್ ಟೋಲಂಡ್, ತನ್ನ ಕೈಯಿಂದಲೇ ಹೊಲಿದುಕೊಂಡದ್ದು ಅಂತ ಬರೀರಿ ಅಂದೆ. ಸರಿ ತಾನೇ ಅಮ್ಮಾವ್ರೇ?"

ಎಲ್ಲರೂ ಈನಾಳ ಕಡೆ ತಿರುಗಿದರು. ಅವಳು ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡಿದಳು. ಪಾಪ, ದುಃಖ ಎಂದುಕೊಂಡು ಜನ ಮತ್ತೆ ತಿರುಗಿದರು. ಹ್ಯೂಗೋ ಟೀವಿ ಹಚ್ಚಿ ಆ ಹಳೆಯ ತುಣುಕು ಹಾಕಿದ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಬರುವ ಹಾಗೆ ಇಟ್ಟ.

ಮಸುಕು ಬಣ್ಣದಲ್ಲಿ ಆ ಬೀದಿ ಬಂತು. ಆ ಹುಡುಗರು ಬಂದರು. ಜನ ಅವರವರ ಹೆಸರು ಹಿಡಿದು ಕೂಗಿದರು. ಈನಾ ಜೇಬಿಗೆ ಕೈ ಹಾಕಿ ಕರವಸ್ತ್ರದ ಅಡಿಯಲ್ಲಿ ರಿಮೋಟಿನ ಗುಂಡಿ ಒತ್ತಿದಳು. ಅದು ಮನೆಯ ಟೀವಿಯದು, ಇದಕ್ಕೆ ಆಗುವುದಿಲ್ಲ ಎಂದು ಗೊತ್ತಿದ್ದೂ ಒತ್ತಿದಳು. ನೀಲಿ ರವಿಕೆ ಬಂತು. ಇಡೀ ಕ್ಲಬ್ಬು ಅವಳ ಜೊತೆ ದನಿಗೂಡಿಸಿ ಹೇಳಿತು: "ಅಂಥವನು ನನ್ನ ಮಗನೇ ಅಲ್ಲ!" ನಗು, ಚಪ್ಪಾಳೆ. ಯಾರೋ ಪ್ರೀತಿಯಿಂದ ಅವಳ ಭುಜ ತಟ್ಟಿದರು.

ತೆರೆಯ ಮೇಲೆ ಯೂನನ್ ಬೆನ್ನು ತಿರುಗಿಸಿದ. ಹದಿನೆಂಟರ ಬೆನ್ನು. ಅಂಚುಗಳು ಬೆಳ್ಳಗೆ ಹೊಳೆದವು.

ಈನಾ ಎದ್ದಳು. ಕುರ್ಚಿಗಳನ್ನು ಹಿಡಿದು ಹಿಡಿದು ಅಂಗಿಯ ಹತ್ತಿರ ಹೋದಳು. ಬಲತೋಳಿನ ಒಂದು ಹರಕಿನಲ್ಲಿ ಅಂಚು ಬಿಚ್ಚಿ ಎಳೆ ಇಳಿಬಿದ್ದಿತ್ತು. ಅವಳು ಕೋಟಿನ ಕಾಲರು ಮಗುಚಿ ಸೂಜಿ ತೆಗೆದಳು. ದಾರ ಪೋಣಿಸಲು ಹೋದಳು, ಕಣ್ಣು ಸಾಲಲಿಲ್ಲ. ಇನ್ನೊಮ್ಮೆ ಹೋದಳು.

"ಏನ್ ಮಾಡ್ತಿದೀಯೇ ಈನಾ?" ಎಂದು ಕ್ಯಾಸೀ ಕೂತಲ್ಲಿಂದಲೇ ಕೇಳಿದಳು.

ಮೇರಿಯನ್ ಬಂದು ಸೂಜಿ ಇಸಿದುಕೊಂಡು, ಪೋಣಿಸಿ ಕೊಟ್ಟಳು. ಈನಾ ಅಂಚನ್ನು ಎರಡು ಬೆರಳ ನಡುವೆ ಸುರುಳಿಸಿ ಹೊಲಿಯತೊಡಗಿದಳು. ಹೊಲಿಗೆ ಹಳೆಯದರಷ್ಟೇ ಸಣ್ಣಗೆ, ಒಂದೇ ಅಳತೆಗೆ ಬಿತ್ತು. ಮೇರಿಯನ್ ಆ ಹೊಲಿಗೆ ನೋಡಿದಳು, ಪಕ್ಕದ ಹರಕಿನ ಹಳೆಯ ಹೊಲಿಗೆ ನೋಡಿದಳು, ಬೆನ್ನಿನದನ್ನು ತಿರುಗಿಸಿ ನೋಡಿದಳು.

"ಅತ್ತೆ..." ಎಂದಳು.

ಕ್ಯಾಸೀ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಒಂದೊಂದೇ ಮೇಜಿನ ಮಾತು ನಿಂತಿತು. ಟೀವಿಯನ್ನು ಯಾರೂ ಆರಿಸಲಿಲ್ಲ. ಮತ್ತೆ ಬೀದಿ, ಮತ್ತೆ ಹುಡುಗರು, ಮತ್ತೆ ನೀಲಿ ರವಿಕೆಯವಳು ಗಲ್ಲ ಎತ್ತಿ ತನ್ನ ಮಾತು ಹೇಳಿದಳು. ಈ ಸಲ ಯಾರೂ ದನಿಗೂಡಿಸಲಿಲ್ಲ. ಹ್ಯೂಗೋ ಲೋಟ ಕೆಳಗಿಟ್ಟು, ಕೋಟಿನ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಕತ್ತಿನವರೆಗೂ ಹಾಕಿಕೊಂಡ.

ಈನಾ ತಲೆ ಎತ್ತಲಿಲ್ಲ. ಗಂಟು ಹಾಕಿ, ಅಂಗಿಯ ತೋಳಿಗೆ ಬಾಯಿ ಹಚ್ಚಿ, ದಾರ ಕಡಿದಳು.