ಗೇಣೆತ್ತರದಲ್ಲಿ ನಿಂತ ಹಲಗೆ

ಹಡಪಸರದ ಸಾವಂತ್ರವ್ವನ ನರ್ಸರಿಯಲ್ಲಿ ಒಂದು ಪುಟ್ಟ ಟ್ರ್ಯಾಕ್ಟರ್ ಇತ್ತು. ಗುಲಾಬಿ ಸಾಲುಗಳ ನಡುವೆ ನುಸುಳುವಷ್ಟು ಸಣ್ಣದು, ಇಪ್ಪತ್ತು ವರ್ಷ ಹಳೆಯದು. ಹಿಂದೆ ನೆಲ ಸಮ ಮಾಡುವ ಕಬ್ಬಿಣದ ಹಲಗೆ. ಅದನ್ನು ಎಣ್ಣೆಯ ಒತ್ತಡದಿಂದ ಎತ್ತಿಳಿಸುವ ಹಿಡಿಕೆ ಸೀಟಿನ ಬೆನ್ನಿಗಿತ್ತು. ಬೇಕಾದ ಎತ್ತರ ಬರುವ ತನಕ ಹಿಂದೆ ತಿರುಗಿ ನೋಡುತ್ತ ಹಿಡಿದಿರಬೇಕು, ಬಂದ ಕ್ಷಣವೇ ಹಿಡಿಕೆಯನ್ನು ನಡುವಿಗೆ ತಂದು ಎಣ್ಣೆ ನಿಲ್ಲಿಸಬೇಕು. ೨೦೦೩ರ ಬೇಸಿಗೆಯಲ್ಲಿ ಸಾವಂತ್ರವ್ವನ ಬಲಭುಜ ಬಿಗಿದುಕೊಂಡ ಮೇಲೆ ಆ ಕ್ಷಣ ತಪ್ಪತೊಡಗಿತು. ಒಂದು ದಿನ ಹಲಗೆ ದೊಪ್ಪನೆ ಇಳಿದು ಎರಡು ಮಡಿ ಸಸಿಗಳನ್ನು ಕೆತ್ತಿಹಾಕಿತು.

“ನೀನೂ ಡ್ರೈವರ್ ಇಡು ಅಂತೀಯೇನು?” ಅವಳು ತಮ್ಮ ಶಿವರಾಜನನ್ನು ಕೇಳಿದಳು. “ಹದಿನೆಂಟು ವರ್ಷ ನಾನ ಹೊಡದೀನಿ. ಇದರ ಮ್ಯಾಲಿಂದ ಇಳಿದ್ರ ನಾ ಬರೇ ಗಲ್ಲಾದಾಗ ಕೂಡಾಕಿ ಆಗ್ತೀನಿ.”

ಶಿವರಾಜ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಅಂದೇ ನಕ್ಷೆ ಬರೆಯಲು ಕೂತ. ಹೊಸ ಹಿಡಿಕೆ ಎಡಮೊಣಕಾಲಿನ ಪಕ್ಕದಲ್ಲಿ. ಹಲಗೆಯನ್ನು ಎತ್ತುವ ತೋಳಿನಿಂದ ಎಣ್ಣೆಯ ವಾಲ್ವಿಗೆ ಒಂದು ಸರಳು. ಹಿಡಿಕೆ ತೋರಿಸಿದ ಎತ್ತರಕ್ಕೆ ತೋಳು ಬಂದೊಡನೆ ಸರಳೇ ವಾಲ್ವನ್ನು ಮುಚ್ಚಬೇಕು. ನಾಲ್ಕು ಪುಟ ಲೆಕ್ಕ ಮಾಡಿ, ಅದನ್ನು ಸಿದ್ರಾಮಪ್ಪನ ವೆಲ್ಡಿಂಗ್ ಶೆಡ್ಡಿಗೆ ಒಯ್ದ.

ಜಮಖಂಡಿ ಕಡೆಯ ಸಿದ್ರಾಮಪ್ಪ ಓದಿದ್ದು ಐದನೆಯ ಇಯತ್ತೆ. ನಕ್ಷೆಯನ್ನು ಬಹಳ ಹೊತ್ತು ನೋಡಿದ, ಆದರೆ ಕಬ್ಬಿಣ ಮುಟ್ಟಲಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ನಕ್ಷೆಯ ಅಳತೆಗೇ ಕತ್ತರಿಸಿ ತೋಳು, ಸರಳು, ವಾಲ್ವು ಮಾಡಿ ಮರದ ತುಂಡಿನ ಮೇಲೆ ಟಾಚಣಿ ಸೂಜಿ ಚುಚ್ಚಿ ಕೂಡಿಸಿದ. ಹೊಸ ಕೆಲಸ ಬಂದಾಗ ಅವನ ರೂಢಿಯೇ ಅದು.

“ಸರ, ನಿಮ್ಮ ಅಳತಿ ಭಾಳ ಚೊಲೊ ಅದಾವ. ಆದ್ರ ಇಲ್ಲಿ ನೋಡ್ರಿ.”

ಕಾಗದದ ತೋಳು ಏರಿದಂತೆಲ್ಲ ಕಾಗದದ ವಾಲ್ವು ಮುಚ್ಚುವ ಬದಲು ಇನ್ನಷ್ಟು ತೆರೆಯಿತು.

“ಹಿಂಗ ಮಾಡಿದ್ರ ಅಕ್ಕಾರ ಹಲಗಿ ನಿಲ್ಲಂಗಿಲ್ರಿ. ಏರಿಕೋತ ಸೀದಾ ಲೋಣಾವಳಾ ಗುಡ್ಡ ಮುಟ್ಟತದ.”

ಶಿವರಾಜ ಕಾಗದದ ತೋಳನ್ನು ತಾನೇ ಎತ್ತಿ ನೋಡಿದ. ಅಳತೆ ಸರಿಯಿತ್ತು, ದಿಕ್ಕು ತಿರುವುಮುರುವಾಗಿತ್ತು. ಇದೇ ತಪ್ಪಿಗೆ ಅವನು ಎಷ್ಟು ವಿದ್ಯಾರ್ಥಿಗಳ ಅಂಕ ಕಳೆದಿದ್ದನೋ! ಸಿದ್ರಾಮಪ್ಪ ಸರಳಿನ ತುದಿಯ ಒಂದೇ ಟಾಚಣಿ ಕಿತ್ತು, ವಾಲ್ವಿನ ತಿರುಗಣಿಯ ಆಚೆ ಬದಿಗೆ ಚುಚ್ಚಿದ. ತೋಳನ್ನು ಮತ್ತೆ ಎತ್ತಿದ. ವಾಲ್ವು ಮುಚ್ಚಿತು.

ಮುಂದಿನ ಮೂರು ದಿನ ಶಿವರಾಜ ಕಾಲೇಜು ಮುಗಿಸಿ ಶೆಡ್ಡಿಗೆ ಬಂದು, ಅವನ ಕೈಯನ್ನೇ ನೋಡುತ್ತ ಕೂತ. ಸಿದ್ರಾಮಪ್ಪ ಕೀಲುಗಳಿಗೆ ಹಿತ್ತಾಳೆಯ ಬುಷ್ ಬಳೆ ಕಡೆದ. ಮುಂದೆ ಸವೆದರೆ ಸರಿಪಡಿಸಲೆಂದು ಸರಳಿನ ತುದಿಗೆ ತೂತಿನ ಬದಲು ಉದ್ದನೆಯ ಸೀಳು ಬಿಟ್ಟ. ಪ್ರತಿ ಕೀಲನ್ನೂ ಅಲ್ಲಾಡಿಸಿ, ಕಣ್ಣು ಮುಚ್ಚಿ, ಬೆರಳಿನಿಂದಲೇ ಸಡಿಲ ಕಂಡುಹಿಡಿದ. ಅಂಥ ಸೂಕ್ಷ್ಮ ಉಪಕರಣ ಶಿವರಾಜನ ಪ್ರಯೋಗಾಲಯದಲ್ಲಿ ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಸಾವಂತ್ರವ್ವ ಟ್ರ್ಯಾಕ್ಟರ್ ಚಾಲೂ ಮಾಡಿ, ಎಡಗೈಯಿಂದ ಹೊಸ ಹಿಡಿಕೆಯನ್ನು ಅರ್ಧಕ್ಕೆ ತಂದು ಬಿಟ್ಟಳು. ಹಲಗೆ ಏರಿ, ನೆಲದಿಂದ ಗೇಣೆತ್ತರದಲ್ಲಿ ತಾನೇ ನಿಂತಿತು.

“ನಿಂತದೇನೋ?” ಅವಳು ಹಿಂದೆ ತಿರುಗಲಿಲ್ಲ.

“ನಿಂತದ, ಅಕ್ಕಾ.”

“ಸರ, ಅದರ ಮ್ಯಾಲ ಹತ್ರಿ,” ಎಂದ ಸಿದ್ರಾಮಪ್ಪ.

ಶಿವರಾಜ ಹತ್ತಿದ. ಅವನ ಭಾರಕ್ಕೆ ಹಲಗೆ ಎರಡು ಬೆರಳು ಕುಸಿಯಿತು. ಎಣ್ಣೆಯ ಪಂಪು ಸಣ್ಣಗೆ ನರಳಿತು. ಹಲಗೆ ಅವನನ್ನು ಹೊತ್ತು ಮತ್ತೆ ಅದೇ ಗೇಣೆತ್ತರಕ್ಕೆ ಬಂತು. ಹಿಡಿಕೆಯನ್ನು ಯಾರೂ ಮುಟ್ಟಿರಲಿಲ್ಲ. ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದ ಸಂಗತಿ, ಯಂತ್ರ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು, ಮೊದಲ ಬಾರಿಗೆ ಅವನ ಪಾದಕ್ಕೆ ತಿಳಿಯಿತು. ಅವನು ಸಿದ್ರಾಮಪ್ಪನತ್ತ ನೋಡಿದ. ಸಿದ್ರಾಮಪ್ಪ ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದ.

“ಇಳಿಯೋ ಮಾರಾಯಾ,” ಸಾವಂತ್ರವ್ವ ಗೇರು ಹಾಕಿದಳು. “ನನಗ ಕೆಲಸ ಅದ.”