ಹಿಂದಿನ ಸೀಟು ಬಿಚ್ಚಿಸಿದ್ದು

ನಮ್ಮ ಹಳೆಯ ಕಾರಿನ ಹಿಂದಿನ ಸೀಟು ಬಿಚ್ಚಿಸಬೇಕು ಎಂದು ಹಠ ಹಿಡಿದವಳು ನಾನೇ. ಮಗ ಪ್ರಶಾಂತನನ್ನು ಪಾಲ್ಘರ್ ಕಡೆಯ ಒಂದು ಆಶ್ರಮದಲ್ಲಿ ಬಿಡುವುದೆಂದು ನನ್ನ ಗಂಡ ಸುಹಾಸ ತೀರ್ಮಾನಿಸಿದ್ದರು, ನಾನು ಹೂಂ ಅಂದಿದ್ದೆ. ಅನ್ನದೆ ಏನು ಮಾಡಲಿ? ಹುಟ್ಟಿದಾಗಿನಿಂದ ಆ ಹುಡುಗನ ಮೈ ಅವನ ಮಾತು ಕೇಳಿದ್ದಿಲ್ಲ. ನಡೆಯುವುದಿಲ್ಲ, ಕೂರುವುದಿಲ್ಲ, ಅಮ್ಮ ಅನ್ನುವುದಿಲ್ಲ. ನಗುತ್ತಾನೆ, ಅಷ್ಟೆ. ಈಗ ಅಪ್ಪನಿಗಿಂತ ಉದ್ದ ಬೆಳೆದಿದ್ದಾನೆ, ನನ್ನ ಸೊಂಟ ಕೈಕೊಟ್ಟಿದೆ. ಸುಹಾಸ ಬೆಳಕು ಹರಿಯುವ ಮುಂಚೆ ಗೋರೆಗಾಂವ್‌ನ ಮನೆ ಬಿಟ್ಟು ಫೋರ್ಟ್‌ನ ಹೋಟೆಲಿಗೆ ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಹುಡುಗನನ್ನು ಎತ್ತುವವರು ಯಾರು?

ಆಂಬ್ಯುಲೆನ್ಸ್ ತರಿಸೋಣ ಎಂದರು ಸುಹಾಸ. ನನಗೆ ಮೈಯೆಲ್ಲ ಉರಿಯಿತು. ಕಳಿಸುವುದೇ ಆದರೆ ನಮ್ಮ ಕಾರಿನಲ್ಲೇ ಹೋಗಲಿ, ಕಾಲು ಚಾಚಿ ಮಲಗಿಕೊಂಡು ಹೋಗಲಿ ಎಂದೆ. ಸೀಟಿನ ಮೇಲೆ ಅವನು ಹಿಡಿಸುತ್ತಿರಲಿಲ್ಲ. ಬಾಗಿಲಿಗೆ ತಾಗಿ ತಾಗಿ ಮಂಡಿಯೆಲ್ಲ ನೀಲಿಗಟ್ಟುತ್ತಿತ್ತು. ಹಾಗಾಗಿ ಆಸ್ಪತ್ರೆ ಬಿಟ್ಟರೆ ಅವನನ್ನು ಎಲ್ಲಿಗೂ ಕರೆದೊಯ್ದವರಲ್ಲ ನಾವು.

ಸ್ಟೇಷನ್ ಹತ್ತಿರ ಸೀಟ್ ಕವರ್ ಹೊಲಿಯುವ ಶರಣಬಸಪ್ಪ ಕಲಬುರಗಿ ಕಡೆಯವನು. ಅವನಿಗೆ ನಿಜ ಹೇಳಲು ನಾಲಿಗೆ ಬರಲಿಲ್ಲ, ಮಗನನ್ನು ಸುತ್ತಾಡಿಸಬೇಕು ಎಂದೆ. ಅವನು ಸೀಟು ಬಿಚ್ಚಿ, ಪ್ಲೈವುಡ್ ಹಾಕಿ ನೆಲ ಸಮ ಮಾಡಿ, ಮೇಲೆ ದಪ್ಪ ಫೋಮ್ ಹಾಸಿದ. ಕಾರ್ಪೆಟ್‌ಗೆ ಬೂದು ಬಣ್ಣ ತೋರಿಸಿದಾಗ ನಾನು ಕೆಂಪೇ ಬೇಕೆಂದೆ. ಕೆಂಪು ಕಂಡರೆ ಪ್ರಶಾಂತ ಕಣ್ಣರಳಿಸುತ್ತಾನೆ. ಹುಡುಗನ ಕೈಕಾಲು ಬಡಿಯಬಾರದೆಂದು ಶರಣಬಸಪ್ಪ ನಾನು ಕೇಳದಿದ್ದರೂ ಬಾಗಿಲುಗಳಿಗೂ ಕಿಟಕಿಯವರೆಗೆ ಕಾರ್ಪೆಟ್ ಅಂಟಿಸಿ, ಅಂಗೈಯಿಂದ ಸವರಿ ನೋಡಿದ.

“ಹತ್ತು ವರ್ಸ ಏನೂ ಆಗಂಗಿಲ್ರಿ ಅಕ್ಕಾರ. ಇನ್ನ ಎಲ್ಲಿ ಬೇಕಲ್ಲಿ ಕರ್ಕೊಂಡು ಅಡ್ಡಾಡ್ರಿ,” ಎಂದ.

ಪಕ್ಕದಲ್ಲಿ ನಿಂತಿದ್ದ ಸುಹಾಸ ಮುಖ ತಿರುಗಿಸಿದರು. ಬಿಚ್ಚಿದ ಸೀಟನ್ನು ಅವನ ಅಂಗಡಿಯಲ್ಲೇ ಬಿಟ್ಟು ಬಂದೆವು.

ಭಾನುವಾರ ಹೊರಟೆವು. ನಾನು ಹಿಂದೆ ಕಾರ್ಪೆಟ್ ಮೇಲೆ ಮಗನ ಪಕ್ಕ ಕುಳಿತೆ. ಪ್ರಶಾಂತ ಉದ್ದಕ್ಕೆ ಕಾಲು ಚಾಚಿ, ಕೆಂಪು ಕಾರ್ಪೆಟ್‌ಗೆ ಕೆನ್ನೆ ಒತ್ತಿ ಮಲಗಿದ. ಫ್ಲೈಓವರ್ ನೆರಳು ಹಾದಾಗಲೆಲ್ಲ ಕಿಲಕಿಲ ನಗುತ್ತಿದ್ದ. ಅವನು ಕಾರಿನಲ್ಲಿ ನಕ್ಕಿದ್ದನ್ನು ನಾನು ಅಂದೇ ನೋಡಿದ್ದು. ದಹಿಸರ್ ದಾಟುವಾಗ ನನ್ನ ಎದೆ ಒಡೆಯಿತು. ಇಷ್ಟೇ ಸಾಕಿತ್ತೇ ಇವನಿಗೆ? ನಾಲ್ಕು ಬೋಲ್ಟ್ ಬಿಚ್ಚಿ ಒಂದು ಕಾರ್ಪೆಟ್ ಹಾಸಿದ್ದರೆ ಜುಹೂ ಸಮುದ್ರ ನೋಡುತ್ತಿದ್ದ, ಉಡುಪಿಯಲ್ಲಿ ಅಜ್ಜಿಯ ಮನೆ ನೋಡುತ್ತಿದ್ದ. ಬಿಟ್ಟುಬರುವ ದಿನವೇ ಇದು ಹೊಳೆಯಬೇಕಿತ್ತೇ?

ಗಾಡಿ ತಿರುಗಿಸಿ ಎಂದೆ. ನಾಳೆ ಅವನನ್ನು ಯಾರು ಎತ್ತುತ್ತಾರೆ ಎಂದು ಸುಹಾಸ ಮೆಲ್ಲಗೆ ಕೇಳಿದರು. ಕಾರು ಮುಂದಕ್ಕೇ ಹೋಯಿತು.

ಆಶ್ರಮದ ಇಬ್ಬರು ಗಟ್ಟಿಗರು ಅವನನ್ನು ಸಲೀಸಾಗಿ ಎತ್ತಿ ಗಾಲಿಮಂಚದ ಮೇಲೆ ಮಲಗಿಸಿದರು. ಅವರನ್ನು ನೋಡಿಯೂ ನಕ್ಕ. ಒಳಗೆ ತಳ್ಳಿಕೊಂಡು ಹೋಗುವಾಗ ಮಾತ್ರ ಕತ್ತು ಹೊರಳಿಸಿದ. ನೋಡಿದ್ದು ನನ್ನನ್ನಲ್ಲ, ಬಾಗಿಲು ತೆರೆದು ನಿಂತಿದ್ದ ಕಾರನ್ನು. ಸವಾರಿ ಇನ್ನೂ ಇದೆ ಅಂದುಕೊಂಡಿದ್ದ ನನ್ನ ಮಗ.

ವಾಪಸು ಬರುವಾಗಲೂ ನಾನು ಹಿಂದೆಯೇ ಕುಳಿತೆ. ವಿರಾರ್ ಹತ್ತಿರ ಬಂದಾಗ ಸುಹಾಸ, ನಾಳೆ ಹೋಗಿ ಸೀಟು ಹಾಕಿಸಿ ಬರುತ್ತೇನೆ ಎಂದರು.

“ಬೇಡ. ಸೀಟು ಹಾಕಿದ್ರೆ ಅವನನ್ನು ವಾಪಸ್ ಕರ್ಕೊಂಡು ಬರುವುದು ಹೇಗೆ?”

ಅವನು ವಾಪಸು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಿದ್ದರೆ ಜಗಳವಾಡಲು ನಾನು ತಯಾರಾಗಿಯೇ ಕುಳಿತಿದ್ದೆ. ಅವರು ಹೈವೇ ಬದಿಯಲ್ಲಿ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತರು.