ಗೇಟಿನಾಚೆಯ ಹೆಂಗಸರು

ಲಮಾರಾ ಸತ್ತ ಅಣ್ಣನ ಕೋಟಿನ ಕೊನೆಯ ಗುಂಡಿ ಹಾಕುತ್ತಿದ್ದಾಗ ಅವನ ಮಗ ಬೊಂಡೊ ಬಂದು ಕಿಟಕಿಯ ಪರದೆ ಎಳೆದ.

"ಇನ್ನೂ ನಾಲ್ಕು ಜನ ಬಂದ್ರು ಅತ್ತೆ. ಈಗ ಹತ್ತೊಂಬತ್ತು."

ಬೆಳಿಗ್ಗೆಯಿಂದ ಕಪ್ಪು ಬಟ್ಟೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಗೇಟಿನಾಚೆ ನಿಲ್ಲುತ್ತಿದ್ದರು. ಇಮೆರೆತಿ ಸೀಮೆಯಲ್ಲಿ ಸಾವಿನ ಮನೆಗೆ ಬಂದವರು ಶವಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಬೇಕು, ಸತ್ತವನನ್ನು ಕಂಡರೆ ಆಗದವರೂ ಹಾಕುತ್ತಾರೆ. ಇವರು ಅಂಗಳಕ್ಕೂ ಕಾಲಿಡಲಿಲ್ಲ, ಅಳಲೂ ಇಲ್ಲ. ಪ್ರತಿಯೊಬ್ಬಳ ಕಂಕುಳಲ್ಲಿ ಒಂದು ಬಟ್ಟೆಯ ಗಂಟು.

ಗಂಟಿನಲ್ಲಿ ಕಲ್ಲಿರಬಹುದೆಂದು ಬೊಂಡೊನ ಭಯ. ಅಪ್ಪನನ್ನು ಹಿತ್ತಲಿನ ದ್ರಾಕ್ಷಿ ಚಪ್ಪರದಡಿಯಿಂದ ಸಾಗಿಸಿಬಿಡೋಣ ಎಂದ. ಪಕ್ಕದ ಮನೆಯ ಮುದುಕ ಸಿಮೋನ್ ಒಪ್ಪಲಿಲ್ಲ.

"ರಕ್ಷಣಾ ಮಂತ್ರಿ ಆಗಿದ್ದವನನ್ನ ಕೋಳಿಕಳ್ಳನ ಹಾಗೆ ಹಿತ್ತಲಿಂದ ಹೊರಡಿಸ್ತೀಯಾ? ಬದುಕಿದ್ದಿದ್ರೆ ನಿನ್ನ ಮೇಲೆ ಕೇಸ್ ಹಾಕ್ತಿದ್ದ."



*

ಲಮಾರಾಳ ಅಣ್ಣ ವಾರ್ಲಾಮ್ ಕುತೈಸಿ ಪಟ್ಟಣದಲ್ಲಿ ಬೇಲಿ ತಕರಾರು, ವಿಚ್ಛೇದನಗಳ ವಕೀಲನಾಗಿದ್ದ. ಯುದ್ಧ ಶುರುವಾದಾಗ ನಲವತ್ತು ದಾಟಿತ್ತು. ಆದರೂ ಬಂದೂಕು ಹಿಡಿದು ಹೊರಟ. ಸುತ್ತಲ ಊರಿನ ಹುಡುಗರು ಅವನ ಹಿಂದೆ ಹೋದರು. ಎಂಟು ತಿಂಗಳಲ್ಲಿ ಅವನೇ ಮಂತ್ರಿಯಾದ. ಕದನವಿರಾಮದ ಪತ್ರದಲ್ಲಿ ಎರಡೂ ಕಡೆಯ ಸಹಿ ಕಂಡಾಗ ಫಿರಂಗಿಗಳನ್ನು ಹಿಂದಕ್ಕೆ ಕರೆಸಿದ. ಸಹಿಯನ್ನು ನಂಬುವುದು ವಕೀಲಿಕೆಯಿಂದ ಬಂದ ಅಭ್ಯಾಸ. ಹನ್ನೊಂದನೆಯ ದಿನ ಆಚೆಯವರು ನುಗ್ಗಿದರು. ಸೇತುವೆ ಕಾಯುತ್ತಿದ್ದ ಹತ್ತೊಂಬತ್ತು ಹುಡುಗರು ಮರಳಲಿಲ್ಲ.

ಸರ್ಕಾರಿ ಕಾಗದದಲ್ಲಿ ಅವರು ಕಾಣೆಯಾದವರು. ತಾಯಂದಿರು ಹದಿನೈದು ವರ್ಷ ಅವನ ಬಾಗಿಲಿಗೆ ಬಂದರು. ಶವ ನೋಡದೆ ಸತ್ತರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ, ತನಗೇನೂ ಗೊತ್ತಿಲ್ಲ ಎಂದು ಪ್ರತಿ ಸಲವೂ ಹೇಳಿ ಕಳಿಸಿದ. ಹೋದ ವಾರ ಉಸಿರು ಕಟ್ಟುತ್ತಿದ್ದ ಒಂದು ಬೆಳಿಗ್ಗೆ ತಂಗಿಯ ಕೈ ಹಿಡಿದುಕೊಂಡ.

"ಆವತ್ತು ಸೇತುವೆಯ ರೇಡಿಯೊ ನನ್ನ ಕಿವೀಲೇ ಇತ್ತು ಕಣೇ. ಒಬ್ಬೊಬ್ರೂ ತಮ್ಮ ಹೆಸರು ಹೇಳ್ತಾ ಹೇಳ್ತಾ ದನಿ ನಿಂತುಹೋಯ್ತು. ಹತ್ತೊಂಬತ್ತೂ ಜನ."

*

ಪದ್ಧತಿಯಂತೆ ಪೆಟ್ಟಿಗೆಯನ್ನು ಮೂರು ಸಲ ಬಾಗಿಲಿಗೆ ತಾಗಿಸಿ ಹೊರತಂದರು. ಮುಚ್ಚಳ ಗೋಡೆಗೆ ಒರಗಿತ್ತು. ಗೇಟಿನಲ್ಲಿ ಹೆಂಗಸರು ದಾರಿ ಬಿಡಲಿಲ್ಲ. ಹೊತ್ತವರು ಪೆಟ್ಟಿಗೆಯನ್ನು ಬೆಂಚಿನ ಮೇಲಿಳಿಸಿದರು.

ಮುಂದೆ ಬಂದವಳು ಗುಲಿಕೊ, ಲಮಾರಾಳ ಜೊತೆ ಶಾಲೆಗೆ ಹೋದವಳು. ಗಂಟು ಬಿಚ್ಚಿದಳು. ಒಳಗೆ ಕೈಯಲ್ಲಿ ಹೆಣೆದ ಉಣ್ಣೆಯ ಕಾಲುಚೀಲ.

ಮೊದಲೇ ತೀರಿಹೋದವರಿಗೆ ಈಗ ಸತ್ತವನ ಕೈಯಲ್ಲಿ ಸುದ್ದಿ, ಸಾಮಾನು ಕಳಿಸುವುದು ಆ ಊರಿನ ವಾಡಿಕೆ. ಈ ಹೆಂಗಸರು ಮಾತ್ರ ಹದಿನೈದು ವರ್ಷ ಯಾರ ಹೆಣದ ಜೊತೆಗೂ ಏನೂ ಕಳಿಸಿರಲಿಲ್ಲ. ಕಳಿಸಿದರೆ ಮಗ ಅಲ್ಲಿದ್ದಾನೆಂದು ಒಪ್ಪಿದಂತೆ.

"ಸಾಯೋವಾಗ ನಿನ್ನ ಹತ್ರ ಹೇಳಿರ್ತಾನೆ," ಎಂದಳು ಗುಲಿಕೊ. "ನನ್ನ ಮಗ ಅಲ್ಲಿದ್ರೆ ಇದನ್ನ ಇವನ ಕೈಲಿ ಕಳಿಸ್ತೀನಿ. ಇಲ್ದಿದ್ರೆ ವಾಪಸ್ ತಗೊಂಡು ಹೋಗ್ತೀನಿ. ಚಳಿಗಾಲಕ್ಕೆ ಬಂದ್ರೆ ಬೇಕಾಗುತ್ತೆ. ಹೇಳು ಲಮಾರಾ."

"ಅತ್ತೆ, ಬೇಡ," ಎಂದು ಬೊಂಡೊ ಬೆನ್ನ ಹಿಂದೆ ಪಿಸುಗುಟ್ಟಿದ.

ಹೌದೆಂದರೆ ಅಣ್ಣ ಹದಿನೈದು ವರ್ಷ ಸುಳ್ಳು ಹೇಳಿದವನಾಗಿ ಮಣ್ಣಿಗೆ ಹೋಗುತ್ತಾನೆ. ಇಲ್ಲವೆಂದರೆ ಈ ಹೆಂಗಸರು ಮಗ ಬಂದಾನೆಂದು ಇನ್ನೂ ಒಂದು ಚಳಿಗಾಲ ಕದಕ್ಕೆ ಅಗುಳಿ ಹಾಕದೆ ಮಲಗುತ್ತಾರೆ. ಲಮಾರಾ ಬಗ್ಗಿ, ಅಣ್ಣನ ತಣ್ಣಗಿನ ಬಲಗೈಯನ್ನು ಎದೆಯ ಕಡೆ ಸರಿಸಿ, ಪಕ್ಕದಲ್ಲಿ ಜಾಗ ಮಾಡಿದಳು.

ಗುಲಿಕೊ ಆ ಜಾಗವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಕಾಲುಚೀಲ ಅಲ್ಲಿಟ್ಟು, ಹೆಣದ ಕಿವಿಗೆ ಏನೋ ಹೇಳಿದಳು. ಹಿಂದಿನಿಂದ ಮೊದಲ ಅಳು ಕೇಳಿಸಿತು. ಒಬ್ಬೊಬ್ಬರೇ ಒಳಗೆ ಬಂದು ತಮ್ಮ ತಮ್ಮ ಗಂಟು ಬಿಚ್ಚಿ ಪೆಟ್ಟಿಗೆಯಲ್ಲಿ ಇಟ್ಟರು. ಕೊನೆಯವಳು ಮಾತ್ರ ಗಂಟನ್ನು ಎದೆಗವಚಿಕೊಂಡು, ಬಂದ ದಾರಿಯಲ್ಲೇ ಬೇಗಬೇಗ ನಡೆದುಹೋದಳು.

ಸಿಮೋನ್ ಮತ್ತು ಬೊಂಡೊ ಮುಚ್ಚಳ ತಂದಿಟ್ಟರು. ಅದು ಕೂರಲಿಲ್ಲ. ಬೊಂಡೊ ಎರಡೂ ಅಂಗೈ ಊರಿ ಒತ್ತಿದ; ಕೈ ತೆಗೆದೊಡನೆ ಮುಚ್ಚಳ ಮೆಲ್ಲನೆ ಮತ್ತೆ ಮೇಲೆದ್ದಿತು.